ಮರೆಸೊಪ್ಪಿನ ಬಸ್ಸಾರು

ನಮ್ಮೂರಿಗೆ ಯಾರಾದರೂ ಹೊಸಬರು ಬಂದರೆ ಬಸ್ಸಿನಿಂದ ಇಳಿಯುತ್ತಿದ್ದ ಹಾಗೇ ಒಂದು ಬುದ್ಧಿಮಾತು ಹೇಳಿಬಿಡುತ್ತೇವೆ. ಎದುರಿಗೆ ಯಾರೇ ಕುಂಟಲಿ, ಮುಲುಗಲಿ, ಎಷ್ಟೇ ಪಾಪ ಅನ್ನಿಸಲಿ, ಹಿಂದೆ ಮುಂದೆ ನೋಡದೆ 'ನೋವಾ?' ಅಂತ ಮಾತ್ರ ಕೇಳಬೇಡಿ. ಕೇಳಿದಿರೋ, ಅವರ ನೋವಿನಲ್ಲಿ ಅರ್ಧ ನಿಂತ ನಿಲುವಿನಲ್ಲೇ ನಿಮ್ಮ ಮೈಗೆ ಬಂತು. ಆಮೇಲೆ ಲಬೋ ಲಬೋ ಅಂದರೆ ಪ್ರಯೋಜನವಿಲ್ಲ.

ಹೊರಗಿನಿಂದ ಬಂದ ಡಾಕ್ಟರು ಈ ಮಾತನ್ನು ತಮಾಷೆ ಅಂದುಕೊಂಡರು. ಒಳ್ಳೇ ಮನುಷ್ಯ, ಅದೇ ಎಡವಟ್ಟಾಯಿತು. ಮೊದಲ ದಿನವೇ ಸಾಲಾಗಿ ಬಂದವರ ಹೊಟ್ಟೆ ಒತ್ತಿ, ಮಂಡಿ ತಟ್ಟಿ, 'ನೋವಾ? ಇಲ್ಲಿ ನೋವಾ?' ಅಂತ ಕೇಳುತ್ತಾ ಹೋದರು. ಮಧ್ಯಾಹ್ನದ ಹೊತ್ತಿಗೆ ಊರಿನ ಹಲ್ಲುನೋವು, ಸೊಂಟನೋವು, ಹೊಟ್ಟೆನುಲಿತ ಎಲ್ಲ ಒಟ್ಟಿಗೆ ಮೈಗೇರಿ ಅವರನ್ನೇ ಮಂಚಕ್ಕೆ ಎತ್ತಿ ಮಲಗಿಸಬೇಕಾಯಿತು. ರೋಗಿಗಳು ಮಾತ್ರ ಕೈಬೀಸಿಕೊಂಡು ಮನೆಗೆ ಹೋದರು. ಈಗ ಡಾಕ್ಟರೂ ನಮ್ಮವರೇ ಆಗಿದ್ದಾರೆ, ಒತ್ತಿ ನೋಡಿ 'ಯಾವ ಕಡೆ?' ಅಂತಷ್ಟೇ ಕೇಳುತ್ತಾರೆ.

ಇಷ್ಟಕ್ಕೇ ಹೆದರಬೇಕಾಗಿಲ್ಲ. ಹೀಗೆ ಪಡೆದುಕೊಂಡ ನೋವು ಒಂದು ನಿದ್ದೆ ಮಾಡಿ ಎದ್ದರೆ ಹೋಗಿರುತ್ತದೆ. ಮೂಲ ನೋವಿನವರಿಗೂ ಆ ಒಂದು ರಾತ್ರಿ ಸುಖವಾಗಿ ಕಳೆಯುತ್ತದೆ. ಇನ್ನೊಂದು ವಿಷಯ, ಬಾಯಿಮಾತಿಗೆ ಕೇಳಿದರೆ ಏನೂ ಬರುವುದಿಲ್ಲ, ಒಳಗಿನಿಂದ ಕೇಳಬೇಕು. ಹಾಗಾಗಿ ನಮ್ಮೂರಲ್ಲಿ ಯಾರಿಗೆ ಯಾರ ಮೇಲೆ ಎಷ್ಟು ಮನಸ್ಸಿದೆ ಅನ್ನುವುದು ಮುಚ್ಚಿಡುವ ಸಂಗತಿಯೇ ಅಲ್ಲ. ಎಲೆಕ್ಷನ್ ಬಂದರೆ ದೊಡ್ಡ ಮನುಷ್ಯರು ಜಗಲಿಗೆ ಬಂದು ಕೈಮುಗಿದು 'ನೋವಾ ಅಜ್ಜಿ?' ಅನ್ನುತ್ತಾರೆ. ಅಜ್ಜಿ ಸೊಂಟ ಮುಟ್ಟಿ ನೋಡಿಕೊಂಡು, "ಹಂಗೇ ಐತೆ ಕಣಪ್ಪ, ಮುಂದಿನ ಮನೆ ನೋಡು" ಅಂತ ಕಳಿಸುತ್ತಾಳೆ.

ನನ್ನ ತಮ್ಮ ಕೆಂಪಣ್ಣ ಹಿಟ್ಟಿನ ಗಿರಣಿ ನಡೆಸುವವನು, ರಾಗಿ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವ ಆಳು. ಅವನ ಹೆಂಡತಿ ದೇವೀರಿ, ಮಗಳು ತಾರಿಣಿಯನ್ನು ಹೆರುವಾಗ ಇವನು ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು ಮೀಸೆ ತಿರುವಿಕೊಂಡು 'ನೋವಾ?' ಅಂದ. ಮರುಕ್ಷಣ ನೆಲದ ಮೇಲಿದ್ದ. ನರ್ಸಮ್ಮ ಅವನನ್ನು ದಾಟಿಕೊಂಡೇ ಓಡಾಡಿದರಂತೆ. ಇವತ್ತಿಗೂ ಎರಡನೇ ಮಗುವಿನ ಮಾತೆತ್ತಿದರೆ ಕೆಂಪಣ್ಣ ಎದ್ದುಹೋಗಿ ಗಿರಣಿ ಆನ್ ಮಾಡಿಬಿಡುತ್ತಾನೆ.

ನಾನು ಚಂಪಾ, ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. ಕೋಪ ಜಾಸ್ತಿ, ವಿಷಲ್ ಅದಕ್ಕಿಂತ ಜಾಸ್ತಿ. ಹುಡುಗಿಯರ ಕಬಡ್ಡಿ ತಂಡ ನನ್ನದು. ಆಟ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬಳನ್ನೂ ಕೇಳುವುದು ನನ್ನ ಪದ್ಧತಿ. ಒಬ್ಬಳ ಮೊಣಕೈ, ಇನ್ನೊಬ್ಬಳ ಹೆಬ್ಬೆರಳು, ಮತ್ತೊಬ್ಬಳ ಪಕ್ಕೆ ಎಲ್ಲ ಸೇರಿಸಿಕೊಂಡು ನಾನು ಮನೆಗೆ ಹೋಗುವ ನಡಿಗೆ ನೋಡಿದರೆ ಸಾಕು, ಅವತ್ತಿನ ಆಟ ಹೇಗಿತ್ತು ಅಂತ ಬೀದಿಯವರೇ ಹೇಳುತ್ತಿದ್ದರು. ತಂಡದ ಮುಖ್ಯ ರೈಡರ್ ನನ್ನ ಸೊಸೆ, ಅಂದರೆ ಕೆಂಪಣ್ಣನ ಮಗಳು ತಾರಿಣಿ. ಶಾಲೆಯಲ್ಲಿ ನನ್ನನ್ನು ಮಿಸ್ ಅಂತಲೂ ಗೇಟು ದಾಟಿದ ಮೇಲೆ ಅತ್ತೆ ಅಂತಲೂ ಕರೆಯುತ್ತಾಳೆ. ಉಸಿರು ಹಿಡಿದು ಎದುರಾಳಿ ಅಂಕಣಕ್ಕೆ ಇಳಿದಳೆಂದರೆ ಉಡ ಹಿಡಿದ ಹಾಗೆ, ಮುಟ್ಟದೆ ಬರುತ್ತಿರಲಿಲ್ಲ.

ಆ ವರ್ಷ ಊರಿನ ತಾಯಂದಿರಿಗೆಲ್ಲ ಒಂದು ಹೊಸ ಖುಷಿ. ಮಕ್ಕಳು ಸೊಪ್ಪು ತಿನ್ನಲು ಶುರು ಮಾಡಿದ್ದರು. ತಟ್ಟೆಯ ಅಂಚಿಗೆ ದಂಟು ಎತ್ತಿಡುತ್ತಿದ್ದ ಹುಡುಗರು ಈಗ ರಸ್ತೆಯಲ್ಲಿ ಎದುರಾದರೆ, "ಬಸ್ಸಾರು ಆಯ್ತೇನೋ?" "ಓ, ಬೆಳಿಗ್ಗೇನೇ ಆಯ್ತು, ನಿಂದು?" ಅಂತ ಮಾತಾಡಿಕೊಳ್ಳುತ್ತಿದ್ದರು. ಸೊಪ್ಪು ಮಾರುವ ಹೆಂಗಸಿಗೂ ಆಶ್ಚರ್ಯ, ಯಾಕೆಂದರೆ ಅವಳ ವ್ಯಾಪಾರವೇನೂ ಹೆಚ್ಚಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಬೆಳಗಿನ ಪ್ರಾರ್ಥನೆಯಲ್ಲಿ ನಿಂತು ಸೊಪ್ಪಿನಲ್ಲಿ ಎಂಥ ಶಕ್ತಿಯಿದೆ, ಅದು ಹೇಗೆ ಮೈಯನ್ನು ಕಲ್ಲು ಮಾಡುತ್ತದೆ ಅಂತ ಉದ್ದಕ್ಕೆ ಭಾಷಣ ಬಿಗಿದೆ. ಹತ್ತನೇ ಕ್ಲಾಸಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಭಾಷಣಕ್ಕೆ ಜನ್ಮದಲ್ಲಿ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಜಿಲ್ಲಾ ಫೈನಲ್ ಹತ್ತಿರ ಬಂದಿತ್ತು. ಒಂದು ಸಂಜೆ ಅಭ್ಯಾಸದಲ್ಲಿ ತಾರಿಣಿ ಗೆರೆ ಮುಟ್ಟಲು ಹಾರಿದವಳು ಕಾಲು ತಿರುಚಿಕೊಂಡು ಬಿದ್ದಳು. ಮಂಡಿಯೊಳಗೆ ಟಕ್ ಅಂದ ಸದ್ದು ನನಗೇ ಕೇಳಿಸಿತು. ನಾನು ಓಡಿಹೋಗಿ, ಈ ನೋವು ನನ್ನನ್ನು ಕೆಡವೀತು ಅಂತ ಮೊದಲು ನೆಲಕ್ಕೆ ಕೂತು, ಹಲ್ಲು ಕಚ್ಚಿಕೊಂಡು 'ನೋವಾ?' ಅಂತ ಕೇಳಿದೆ. ಏನೂ ಬರಲಿಲ್ಲ. ಇನ್ನೊಂದು ಸಲ ಕೇಳಿದೆ. ಇರುವೆ ಕಚ್ಚಿದಷ್ಟೂ ಬರಲಿಲ್ಲ. ಮಂಡಿ ನೋಡನೋಡುತ್ತಿದ್ದಂತೆ ತೆಂಗಿನಕಾಯಿ ಗಾತ್ರಕ್ಕೆ ಊದುತ್ತಿತ್ತು, ಹುಡುಗಿ ಮಾತ್ರ ನಗುತ್ತಾ, "ಏನಿಲ್ಲ ಮಿಸ್, ಆಡ್ತೀನಿ" ಅಂತ ಎದ್ದು ನಿಂತಳು.

ನನ್ನ ಮನಸ್ಸೇ ಕಲ್ಲಾಯಿತೇ? ಸೊಸೆ ಬಿದ್ದಾಗ ಒಳಗಿನಿಂದ ಕೇಳಲಾಗದಷ್ಟು ಒಣಗಿಹೋದೆನೇ? ಪರೀಕ್ಷೆ ಮಾಡೋಣ ಅಂತ ಗೇಟಿನ ಹತ್ತಿರ ಮುಖ ಕಿವುಚಿಕೊಂಡು ನಿಂತಿದ್ದ ಜವಾನ ಮುನಿಯಪ್ಪನನ್ನು 'ನೋವಾ?' ಅಂತ ಕೇಳಿದೆ. ಅಯ್ಯಯ್ಯಪ್ಪ! ಕೂರುವ ಜಾಗಕ್ಕೆ ಕಾದ ಸಲಾಕೆ ಇಟ್ಟ ಹಾಗಾಯಿತು.

"ಯಾಕ್ ಕೇಳೋಕೋದ್ರಿ ಟೀಚರ್, ಕುರು ಆಗೈತೆ, ಹೇಳ್ಕೊಳ್ಳೋ ಜಾಗ ಅಲ್ಲ" ಅಂತ ಮುನಿಯಪ್ಪ ನಾಚಿಕೊಂಡ.

ಹುಡುಗಿಯನ್ನು ಕಾಲು ಚಾಚಿ ಕೂರಿಸಿ, ಅವತ್ತಿನ ಸ್ಟಾಫ್ ಮೀಟಿಂಗನ್ನು ನಾನು ನಿಂತುಕೊಂಡೇ ಮುಗಿಸಿದೆ. ಹೋಗಲಿ, ನನ್ನ ಮನಸ್ಸು ಸರಿಯಾಗಿಯೇ ಇದೆ ಅಂತ ಸಮಾಧಾನವಾಯಿತು. ಹಾಗಾದರೆ ಕೆಟ್ಟಿರುವುದು ಹುಡುಗಿಯ ಕಡೆ. ಮೀಟಿಂಗ್ ಮುಗಿದದ್ದೇ ತಾರಿಣಿಯನ್ನು ಆಟದ ಸಾಮಾನಿನ ಕೋಣೆಗೆ ಕರೆದೆ.

"ನಾಲಿಗೆ ತೆಗಿ."

"ಯಾಕೆ ಮಿಸ್?"

"ತೆಗಿ ಅಂದ್ರೆ ತೆಗಿ!"

ನಾಲಿಗೆ ಗಿಳಿಯ ರೆಕ್ಕೆಯ ಹಾಗೆ ಹಸಿರಾಗಿತ್ತು. ಹಳೇ ಇಟ್ಟಿಗೆ ಗೂಡಿನ ಹಿಂದೆ ಮರೆಸೊಪ್ಪು ಅಂತ ಬೆಳೆಯುತ್ತದೆ, ತಿಂದರೆ ನಾಲಿಗೆ ಹೀಗೇ ಹಸಿರಾಗುತ್ತದೆ. ಹಿಂದೆ ಎತ್ತಿಗೆ ಲಾಳ ಹೊಡೆಯುವಾಗ ಮೇವಿನ ಜೊತೆ ಒಂದಿಷ್ಟು ತಿನ್ನಿಸುತ್ತಿದ್ದರು, ಎತ್ತು ನೋವೇ ಗೊತ್ತಾಗದೆ ಮೆಲುಕು ಹಾಕುತ್ತಾ ನಿಲ್ಲುತ್ತಿತ್ತು. ಮನುಷ್ಯರು ಅದರ ತಂಟೆಗೆ ಹೋಗುತ್ತಿರಲಿಲ್ಲ. ಮೊದಲು ಒಂದೆಲೆ ಸಾಕು, ಆಮೇಲೆ ಹಿಡಿ ಬೇಕು, ಬಿಟ್ಟರೆ ಒಂದೊಂದು ಮೂಳೆಯೂ ಎದ್ದು ನಿಂತು ಬೈಯುತ್ತದೆ. ನಾನು ಪ್ರಾರ್ಥನೆಯಲ್ಲಿ ಹೊಗಳಿದ್ದು ಈ ಬಸ್ಸಾರನ್ನು! ಚಪ್ಪಾಳೆ ನೆನಪಾಗಿ ಕಿವಿ ಬಿಸಿಯಾಯಿತು.

"ಎಷ್ಟ್ ಜನ ತಿಂತೀರೇ?"

"ಅರ್ಧ ಕ್ಲಾಸು. ಹುಡುಗ್ರು ಸುಮ್ನೆ ಮಜಾ ಅಂತ ತಿಂತಾರೆ ಅತ್ತೆ, ನಾನು ಹಂಗಲ್ಲ."

ಗೇಟಿನೊಳಗೇ ಅತ್ತೆ ಅಂದಳು ಅಂದರೆ ವಿಷಯ ಗಂಭೀರವಾಗಿದೆ ಅಂತ ಅರ್ಥ. ನಾನು ವಿಷಲ್ಲನ್ನು ಜೇಬಿಗೆ ಹಾಕಿಕೊಂಡು ಚಾಪೆಯ ಸುರುಳಿಯ ಮೇಲೆ ಕೂರಲು ಹೋಗಿ, ಮುನಿಯಪ್ಪನ ಕುರು ನೆನಪಾಗಿ ಎದ್ದು ನಿಂತೆ.

"ಹೋದ ವರ್ಷ ನನ್ ಕಾಲು ಉಳುಕಿತ್ತಲ್ಲ, ಆಗ ಅಮ್ಮ ನೋವಾ ಅಂತ ಕೇಳಿ ಹೊಲಿಗೆ ಮಿಷಿನ್ ಸ್ಟೂಲಿಂದ ಹಿಂದಕ್ಕೆ ಬಿದ್ಲು" ಅಂದಳು ತಾರಿಣಿ. "ಮೊದ್ಲೇ ಅವಳ ಬೆನ್ನು ಹಾಳು. ಅದ್ರ ಮೇಲೆ ಬೀದೀಲಿ ಹೋಗೋರ ನೋವೆಲ್ಲ ಕೇಳಿ ಹಾಕ್ಕೋತಾಳೆ. ನಂದೂ ಯಾಕೆ? ಸೊಪ್ಪು ತಿಂದ್ರೆ ನಂಗೆ ನೋವಿರಲ್ಲ, ಅವಳು ಕೇಳಿದ್ರೂ ಏನೂ ಹೋಗಲ್ಲ. ಈಗ ನೋಡಿ, ಅವಳ ಬೆನ್ನು ಪೂರ್ತಿ ವಾಸಿಯಾಗಿದೆ. ದಿನಾ ಮಲಗೋ ಮುಂಚೆ ನಾನೂ ಕೇಳ್ತೀನಲ್ಲ, ನಂಗೆ ಒಂಚೂರೂ ಬರಲ್ಲ."

ನನ್ನ ತಲೆಯಲ್ಲಿ ಏನೋ ಟಿಕ್ ಅಂದಿತು. ಆದರೆ ಆ ಮಂಡಿಯ ಗಾತ್ರದ ಮುಂದೆ ಬೇರೆ ಯೋಚನೆಗೆ ಪುರುಸೊತ್ತಿರಲಿಲ್ಲ. ಆಟೋ ಕರೆಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಒತ್ತಿ ನೋಡಿ, ಯಾವ ಕಡೆ ಅಂತ ಕೇಳಿ, ಯಾವ ಕಡೆಯೂ ಇಲ್ಲ ಅಂತ ಹುಡುಗಿ ನಕ್ಕದ್ದನ್ನು ನೋಡಿ ಕನ್ನಡಕ ತೆಗೆದಿಟ್ಟರು.

"ನೋಡಮ್ಮ, ಒಳಗೆ ಲಿಗಮೆಂಟು ಅರ್ಧ ಹರಿದಿದೆ. ನೋವಿದ್ದಿದ್ರೆ ನೀನು ಕಾಲೂರ್ತಿರ್ಲಿಲ್ಲ, ಅದು ತಾನಾಗೇ ಕೂಡ್ಕೊಳ್ಳೋದು. ಈ ಸೊಪ್ಪು ತಿಂದ್ಕೊಂಡು ಆಡಿದ್ಯೋ, ಪೂರ್ತಿ ಹರ್ಕೊಂಡು ಜೀವನಪರ್ಯಂತ ಕುಂಟ್ತೀಯ."

ತಾರಿಣಿಯ ನಗು ಆಗ ನಿಂತಿತು. ಕಬಡ್ಡಿ ಅಂದರೆ ಅವಳಿಗೆ ಪ್ರಾಣ. ಸೊಪ್ಪು ಬಿಡಲು ಹೋಗಿ ಹಿಂದೊಮ್ಮೆ ಮೈಯೆಲ್ಲ ಮುರಿದ ಹಾಗಾಗಿ ಹೆದರಿದ್ದಳಂತೆ. "ಬಿಡ್ತೀನಿ ಅತ್ತೆ. ಆದ್ರೆ ಒಂದು, ಅಮ್ಮ ಮಾತ್ರ ನನ್ನ ಕೇಳ್ಕೂಡದು. ಕೇಳಿದ್ರೆ ಮತ್ತೆ ತಿಂತೀನಿ" ಅಂದಳು. ಅಪ್ಪನ ಮೊಂಡುತನ ಮಗಳಿಗೆ ಹಿಟ್ಟಿನ ಸಮೇತ ಬಂದಿದೆ.

ಅವಳನ್ನು ಅಲ್ಲೇ ಕೂರಿಸಿ, ಸುದ್ದಿ ಹೇಳಲು ನಾನೇ ದೇವೀರಿಯ ಹತ್ತಿರ ಹೋದೆ. ಅವಳು ಹೊಲಿಗೆ ಮಿಷಿನ್ ಮುಂದೆ, ಬೆನ್ನಿಗೊಂದು ದಿಂಬು ಕೊಟ್ಟುಕೊಂಡು ಯಾರದೋ ಬ್ಲೌಸಿಗೆ ತೋಳು ಕೂಡಿಸುತ್ತಿದ್ದಳು. ವಾಸಿಯಾದ ಬೆನ್ನಿಗೆ ದಿಂಬೇಕೆ ಅಂತ ನಾನು ಕೇಳುವ ಮೊದಲೇ ಅವಳ ಕಣ್ಣು ತುಂಬಿತ್ತು.

"ಅತ್ತಿಗೆ, ಒಂದ್ ಮಾತು ಹೇಳ್ತೀನಿ, ನಿಮ್ ತಮ್ಮಂಗೆ ಹೇಳ್ಬೇಡಿ. ತಾರಿಣಿಗೆ ನನ್ ಮೇಲೆ ಮನಸ್ಸಿಲ್ಲ."

"ಏನೇ ಹಂಗಂದ್ರೆ?"

"ದಿನಾ ಮಲಗೋ ಮುಂಚೆ ಬಂದು ನೋವಾ ಅಮ್ಮ ಅಂತಾಳೆ. ಮೊದ್ಲೆಲ್ಲ ಅವಳು ಕೇಳಿದ್ ತಕ್ಷಣ ಬೆನ್ನಿಂದ ಮೂಟೆ ಇಳಿಸ್ದಂಗೆ ಆಗೋದು, ನೆಮ್ಮದಿಯಾಗಿ ನಿದ್ದೆ ಮಾಡೋಳು ನಾನು. ಈಗ ಎಷ್ಟೋ ತಿಂಗಳಾಯ್ತು, ಏನೂ ಇಳಿಯಲ್ಲ. ಬಾಯ್ಮಾತಿಗೆ ಕೇಳ್ತಾಳೆ ಅತ್ತಿಗೆ. ವಯಸ್ಸಿಗೆ ಬಂದ ಹುಡುಗಿ, ಇರ್ಲಿ ಬಿಡಿ. ಕಮ್ಮಿ ಆಯ್ತು ಮಗಳೇ ಅಂತ ನಾನೂ ಅಂತೀನಿ. ಅವಳಿಗ್ಯಾಕೆ ಬೇಜಾರು ಮಾಡ್ಲಿ?"

ಟಿಕ್ ಅಂದದ್ದು ಏನು ಅಂತ ಆಗ ಗೊತ್ತಾಯಿತು. ನನಗೆ ನಗು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು.

"ಅಯ್ಯೋ ಪೆದ್ದಿ! ಅವಳು ಮರೆಸೊಪ್ಪು ತಿಂತಿದಾಳೆ ಕಣೆ! ನಿಂಗೆ ನೋವು ಕೊಡಬಾರ್ದು ಅಂತ ತಿಂತಿದಾಳೆ. ಸೊಪ್ಪು ತಿಂದೋಳಿಗೆ ತನ್ ನೋವೇ ಗೊತ್ತಾಗಲ್ಲ, ಇನ್ನು ನಿನ್ ಬೆನ್ನಿಂದು ಹೆಂಗೆ ಗೊತ್ತಾಗತ್ತೆ?"

ದೇವೀರಿ ಪೆಡಲ್ ನಿಲ್ಲಿಸಿದಳು. "ಸೊಪ್ಪಾ? ಹಂಗಾದ್ರೆ ಸೊಪ್ಪಿಂದಾಗಿ ಬರ್ತಿರ್ಲಿಲ್ವಾ? ನನ್ ಮೇಲೆ ಮನಸ್ಸಿಲ್ದೆ ಅಲ್ಲ ತಾನೆ?" ಅಂದವಳ ಮುಖ ದೀಪ ಹಚ್ಚಿದಂತಾಯಿತು. "ಬರೀ ಸೊಪ್ಪು! ನನ್ನಪ್ಪ, ದೇವ್ರು ದೊಡ್ಡೋನು!" ಅಂತ ಕೈಗೆ ಸಿಕ್ಕ ಬ್ಲೌಸಿನ ತೋಳಲ್ಲೇ ಮೂಗು ಒರೆಸಿಕೊಂಡಳು. ಮಗಳು ಅಮಲಿನ ಸೊಪ್ಪು ತಿನ್ನುತ್ತಾಳೆ ಅಂತ ಕೇಳಿ ದೇವರಿಗೆ ಕೈಮುಗಿದ ತಾಯಿಯನ್ನು ನಾನು ನೋಡಿದ್ದು ಅದೊಂದೇ ಸಲ. ಎರಡು ಉಸಿರು ಎಳೆದುಕೊಂಡ ಮೇಲೆ ತಲೆಗೆ ಹೋಗಿರಬೇಕು. ಬಟ್ಟೆ ಅಳೆಯುವ ಕಡ್ಡಿ ಕೈಗೆತ್ತಿಕೊಂಡು, "ಏನಂದ್ರಿ? ಸೊಪ್ಪು ತಿಂತಾಳಾ? ಎಲ್ಲಿ ಆ ಹಾಳಾದೋಳು?" ಅಂತ ಎದ್ದಳು. ಬೆನ್ನು ಚುಳುಕ್ಕೆಂದು ಮತ್ತೆ ಕೂತಳು.

ಮಗಳ ಷರತ್ತು ಹೇಳಿದ್ದಕ್ಕೆ ಅವಳು ತುಂಬಾ ಹೊತ್ತು ಒಪ್ಪಲಿಲ್ಲ. ಹೆತ್ತವಳು ಕೇಳದೆ ಇರುವುದು ಹೇಗೆ ಅನ್ನುವುದು ಅವಳ ವಾದ. ಮಾತು ಅವಳ ಬಾಯಿಂದ ತಾನಾಗೇ ಜಾರುತ್ತದೆ, ಅದು ಬೀದಿಗೇ ಗೊತ್ತು. ಕೊನೆಗೆ ಅವಳೇ ಒಂದು ಉಪಾಯ ಹೂಡಿದಳು, ಮಗಳು ನರಳುವಷ್ಟು ದಿನವೂ ಬಾಯಿ ತುಂಬ ನೀರು ತುಂಬಿಕೊಂಡಿರುವುದು. "ನನ್ ಬೆನ್ನಿನ ವಿಷ್ಯ ಮಾತ್ರ ಅವಳಿಗೆ ಹೇಳ್ಬೇಡಿ ಅತ್ತಿಗೆ, ಅದಕ್ಕೊಂದು ಕೊರಗ್ತಾಳೆ" ಅಂತ ನನ್ನಿಂದ ಭಾಷೆ ತೆಗೆದುಕೊಂಡು, ಚೊಂಬಿನಿಂದ ಮೊದಲ ಗುಟುಕು ಬಾಯಿಗೆ ಹಾಕಿಕೊಂಡಳು.

ಸೊಪ್ಪು ನಿಂತ ಮಾರನೇ ಬೆಳಿಗ್ಗೆಯಿಂದ ಶುರುವಾಯಿತು. ಅಷ್ಟು ತಿಂಗಳು ಬಾಗಿಲಾಚೆ ನಿಂತಿದ್ದ ನೋವುಗಳೆಲ್ಲ ಮಂಡಿಯ ಜೊತೆ ಸೇರಿಕೊಂಡು ಬಂದವು. ಹುಡುಗಿ ಚಾಪೆಯ ಮೇಲೆ ಹಾವಿನಂತೆ ಹೊರಳಿದಳು. ಬೆವರು, ವಾಂತಿ, ಬೈಗುಳ. ಡಾಕ್ಟರು ಬೆಳಿಗ್ಗೆ ಸಂಜೆ ಬಂದು ಮಾತ್ರೆ, ಗಂಜಿ, ಎಳನೀರು ನೋಡಿಕೊಂಡರು. ನಾನು ಮೊದಲು ಕೇಳಿದೆ, ಅರ್ಧ ತೆಗೆದುಕೊಂಡು ಗೋಡೆ ಹಿಡಿದು ಹೊರಗೆ ಬಂದೆ. ಆಮೇಲೆ ಕೆಂಪಣ್ಣ. ಹೆರಿಗೆ ಕೋಣೆಯ ಅನುಭವ ಇದ್ದುದರಿಂದ ಮೊದಲೇ ನೆಲಕ್ಕೆ ಹಾಸಿಗೆ ಹಾಸಿಕೊಂಡು, ತಲೆದಿಂಬು ಸರಿ ಮಾಡಿಕೊಂಡು, ಮಲಗಿಯೇ "ನೋವಾ ಮಗಳೇ?" ಅಂದ. ಉಳಿದದ್ದರಲ್ಲಿ ಅರ್ಧವನ್ನು ಮುನಿಯಪ್ಪ ತೆಗೆದುಕೊಂಡ. "ನನ್ ಕುರು ನೀವು ತಗೊಂಡಿರ್ಲಿಲ್ವಾ ಟೀಚರ್, ಲೆಕ್ಕ ಸರಿಯೋಯ್ತು" ಅಂದ. ಅಕ್ಕಪಕ್ಕದವರು ಸರದಿ ಹಾಕಿಕೊಂಡರು. ಹೊಸಿಲು ದಾಟಿ ಒಳಗೆ ನೆಟ್ಟಗೆ ಹೋದವರು ಹೊರಗೆ ಬರುವಾಗ ಬಾಗಿಕೊಂಡು, ಅಯ್ಯಪ್ಪಾ ಅಮ್ಮಾ ಅನ್ನುತ್ತಾ ಬರುತ್ತಿದ್ದರು. ಜಗಲಿಯ ಮೇಲೆ ಸಾಲಾಗಿ ಕೂತು ಕಾಫಿ ಕುಡಿದು, "ನಿಂಗೆ ಎಷ್ಟು ಬಂತು?" "ನಂಗೆ ಮಂಡೀದೇ ಜಾಸ್ತಿ" ಅಂತ ಹೋಲಿಸಿ ನೋಡಿಕೊಳ್ಳುತ್ತಿದ್ದರು. ಮದುವೆ ಮನೆಯ ಗಲಾಟೆ.

ದೇವೀರಿ ಮಾತ್ರ ಅಡುಗೆಮನೆಯ ಬಾಗಿಲಲ್ಲಿ, ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ಬಾಯಲ್ಲಿ ನೀರು ಇಟ್ಟುಕೊಂಡು ನಿಂತಿದ್ದಳು. ಮಗಳು ಕೂಗಿದಾಗಲೆಲ್ಲ ಗುಟುಕ್ಕಂತ ನುಂಗಿ, ಮಾತು ಹೊರಬೀಳುವ ಮೊದಲೇ ಚೊಂಬೆತ್ತಿ ಮತ್ತೆ ತುಂಬಿಕೊಳ್ಳುತ್ತಿದ್ದಳು. ಒಂದು ಕೊಡ ನೀರು ಹಾಗೇ ಖಾಲಿಯಾಯಿತು. ಅಷ್ಟು ಕಷ್ಟ ಆ ಮನೆಯಲ್ಲಿ ಬೇರೆ ಯಾರೂ ಪಡಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಫೈನಲ್ಲಿಗೆ ತಂಡ ತಾರಿಣಿ ಇಲ್ಲದೆ ಹೋಯಿತು, ಚೆನ್ನಾಗಿ ಆಡಿ ಇನ್ನೂ ಚೆನ್ನಾಗಿ ಸೋತಿತು. ಹುಡುಗಿಯರು ಬಸ್ಸಿಳಿದವರೇ ಧೂಳು ಮೈಯಲ್ಲೇ ಇವಳ ಚಾಪೆಯ ಸುತ್ತ ಕೂತು ಒಬ್ಬೊಬ್ಬಳಾಗಿ ಕೇಳಿದರು. ಎಲ್ಲರೂ ಕುಯ್ಯೋ ಅಂದರೆ ಇಬ್ಬರು ಮಾತ್ರ ಆರಾಮಾಗಿ ಕೂತಿದ್ದರು. ನಾನು ಸುಮ್ಮನೆ ಅವರ ಕಡೆ ತಿರುಗಿದೆ. "ನಾಲಿಗೆ ತೆಗೀರೇ" ಅಂತ ಉಳಿದವರೇ ಮುತ್ತಿಕೊಂಡರು. ಮುಂದಿನ ವಾರ ಅವರ ಮನೆಗಳ ಮುಂದೆಯೂ ಸರದಿ ಶುರುವಾಯಿತು. ಇಟ್ಟಿಗೆ ಗೂಡಿನ ಹಿಂದಿನ ಗಿಡ ಕಿತ್ತು ಹಾಕಿದ್ದೇವೆ, ಅದು ಮತ್ತೆ ಚಿಗುರುತ್ತದೆ, ನಾವು ಮತ್ತೆ ಕೀಳುತ್ತೇವೆ. ಈಗ ನಮ್ಮೂರಲ್ಲಿ ಯಾವ ಮಗುವಾದರೂ ತಾನಾಗಿ ಸೊಪ್ಪಿನ ಸಾರು ಹಾಕಿಸಿಕೊಂಡರೆ ತಾಯಂದಿರಿಗೆ ಖುಷಿಯಾಗುವುದಿಲ್ಲ, ಬಾಯಿ ತೆಗೆಸಿ ನೋಡುತ್ತಾರೆ.

ಒಂದು ಬೆಳಿಗ್ಗೆ ನಾನು ಹೋದಾಗ ತಾರಿಣಿ ಎದ್ದು ಕೂತಿದ್ದಳು. ಮುಖ ಬಾಡಿತ್ತು, ನಾಲಿಗೆ ಕೆಂಪಗಾಗಿತ್ತು. ಹಸಿವು ಅಂದಳು. ಮಂಡಿಗೆ ಪಟ್ಟಿ ಕಟ್ಟಿಕೊಂಡು, ನನ್ನ ಹೆಗಲು ಹಿಡಿದು, ಪ್ರತಿ ಹೆಜ್ಜೆಗೂ "ಹಾ, ಹಾ" ಅನ್ನುತ್ತಾ ಅಡುಗೆಮನೆಗೆ ನಡೆದಳು. ಆ ಹಾ ಹಾ ಕೇಳಿ ನನಗೆ ಸಂತೋಷವಾಯಿತು, ಡಾಕ್ಟರು ಹೇಳಿದ್ದೂ ಅದನ್ನೇ ತಾನೆ. ದೇವೀರಿ ಒಲೆಯ ಮುಂದೆ ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ರೊಟ್ಟಿ ತಟ್ಟುತ್ತಿದ್ದಳು. ಮಗಳನ್ನು ಕಂಡದ್ದೇ ಗಾಬರಿಯಾಗಿ ಚೊಂಬಿಗೆ ಕೈ ಹಾಕಿ ಬಾಯಿ ತುಂಬಿಸಿಕೊಂಡಳು.

ತಾರಿಣಿ ಆ ಸೊಂಟದ ಮೇಲಿನ ಕೈಯನ್ನು ನೋಡಿದಳು.

"ನೋವಾ ಅಮ್ಮ?" ಅಂದಳು.

ಅಂದವಳೇ ನನ್ನ ಹೆಗಲು ಬಿಟ್ಟು, ಬೆನ್ನು ಹಿಡಿದುಕೊಂಡು, ಕಂಬಕ್ಕೆ ಒರಗಿ ಕುಸಿದಳು. "ಅಯ್ಯಯ್ಯೋ! ಅಮ್ಮಾ! ಇಷ್ಟಾ? ಇಷ್ಟು ನೋವಿಟ್ಕೊಂಡು ಮಿಷಿನ್ ತುಳೀತಿದ್ಯಾ ನೀನು? ವಾಸಿಯಾಗಿದೆ ಅಂದಿದ್ದೆ ಕಳ್ಳಿ! ಅಯ್ಯೋ ನನ್ ಬೆನ್ನು!" ಅಂತ ಗಟ್ಟಿಯಾಗಿ ಅತ್ತಳು.

ದೇವೀರಿಯ ಬಾಯಲ್ಲಿದ್ದ ನೀರೆಲ್ಲ ಫುರ್ರಂತ ಚಿಮ್ಮಿ ನನ್ನ ಇಸ್ತ್ರಿ ಸೀರೆಯ ಮೇಲೆ ಬಿತ್ತು. ಅವಳು ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ನೆಟ್ಟಗೆ ನಿಂತು, ಹಿಟ್ಟಿನ ಕೈಯನ್ನೇ ಬೆನ್ನ ಮೇಲೆ ಆಡಿಸಿ ನೋಡಿಕೊಂಡು, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಳು. "ಬಂತು ಅತ್ತಿಗೆ! ನೋಡಿ, ಇಳೀತು! ಅವಳಿಗೆ ಬಂತು!"

ಹುಡುಗಿಯ ಗೋಳು ನೋಡಲಾರದೆ ನಾನು ಅವಳ ಮುಂದೆ ಕೂತು, ನೋವಾ ಅಂತ ಕೇಳಲು ಬಾಯಿ ತೆರೆದೆ. ದೇವೀರಿ ಓಡಿಬಂದು ರೊಟ್ಟಿ ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು.

"ಈಗ್ಲೇ ಕೇಳ್ಬೇಡಿ ಅತ್ತಿಗೆ" ಅಂದಳು. "ಒಂಚೂರು ಹೊತ್ತು ಅವಳ ಹತ್ರಾನೇ ಇರ್ಲಿ."